ಫೋಟೊ ಸ್ಪಷ್ಟವಾಗಿದೆ, ಸ್ಲೈಡ್‌ಶೋ ವಿಡಿಯೊ ಮಾತ್ರ ಮಸುಕು: ತಪ್ಪು ಎಲ್ಲಿ ಆಗುತ್ತಿದೆ?

ಪ್ರಶ್ನೆ: ಹೇಮಾವತಿ ದಡದವ

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮನ ಮದುವೆಯಾಗಿ ಐವತ್ತು ವರ್ಷ ತುಂಬುವ ಸಮಾರಂಭಕ್ಕೆಂದು ಸುಮಾರು 140 ಫೋಟೊಗಳನ್ನು ಜೋಡಿಸಿ ಹನ್ನೆರಡು ನಿಮಿಷದ ಸ್ಲೈಡ್‌ಶೋ ವಿಡಿಯೊ ಸಿದ್ಧಪಡಿಸಿದ್ದೇನೆ. ಬಳಸಿದ್ದು ಶಾಟ್‌ಕಟ್ ತಂತ್ರಾಂಶ. ಒಂದೊಂದು ಫೋಟೊ ಐದು ಸೆಕೆಂಡು ನಿಲ್ಲುತ್ತದೆ, ನಿಂತಷ್ಟು ಹೊತ್ತೂ ನಿಧಾನವಾಗಿ ಹಿಗ್ಗುತ್ತದೆ. ಕಂಪ್ಯೂಟರಿನಲ್ಲಿ ಒಂದೊಂದಾಗಿ ತೆರೆದು ನೋಡಿದಾಗ ಕಣ್ಣಿನ ರೆಪ್ಪೆ ಎಣಿಸುವಷ್ಟು ಸ್ಪಷ್ಟವಾಗಿರುವ ಫೋಟೊಗಳು, ವಿಡಿಯೊ ಆಗಿ ಮನೆಯ ಟಿ.ವಿ.ಯಲ್ಲಿ ಮೂಡಿದಾಗ ಹಬೆ ಹಿಡಿದ ಗಾಜಿನ ಹಿಂದೆ ಇರುವಂತೆ ಕಾಣುತ್ತವೆ. ಅಮ್ಮನ ಮೈಸೂರು ರೇಷ್ಮೆಯ ಜರಿಯಂಚು, ಚಿತ್ರ ಹಿಗ್ಗುವಾಗಲೆಲ್ಲ ಮಿಣಮಿಣ ಎಂದು ಅಲುಗುತ್ತದೆ. ಅದನ್ನು ನೋಡಿದ ಅಮ್ಮ, 'ಇದು ನನ್ನ ಸೆರಗೋ, ಹೊಳೆಯ ನೀರೋ' ಎಂದು ಕೇಳಿದರು. ಕೆಂಪು ಬಣ್ಣದಲ್ಲಿ ಹಾಕಿದ ಕನ್ನಡ ಶೀರ್ಷಿಕೆಗಳ ಅಂಚು ಕೂಡ ಕದಡಿದೆ.

ಶಾಟ್‌ಕಟ್‌ನಲ್ಲಿ ಎಚ್‌ಡಿ 720 ಎಂಬ ಆಯ್ಕೆ ಇತ್ತು. ಎಚ್‌ಡಿ ಎಂದಮೇಲೆ ಸಾಕಲ್ಲ ಎಂದು ಅದನ್ನೇ ಇಟ್ಟುಕೊಂಡೆ. ಕಳಿಸಲು ಅನುಕೂಲವಾಗಲಿ ಎಂದು ಎಕ್ಸ್‌ಪೋರ್ಟ್ ಮಾಡುವಾಗ ಬಿಟ್‌ರೇಟನ್ನೂ (ಒಂದು ಸೆಕೆಂಡಿನ ವಿಡಿಯೊಗೆ ಬಳಸುವ ದತ್ತಾಂಶದ ಪ್ರಮಾಣ) ಇಳಿಸಿದೆ, ಕಡತ 160 ಎಂಬಿ ಆಯಿತು. ಫೋಟೊಗಳಲ್ಲಿ ಕೆಲವು ಮೊಬೈಲಿನವು, ಕೆಲವು ತೊಂಬತ್ತರ ದಶಕದ ಬಣ್ಣದ ಪ್ರಿಂಟುಗಳ ಸ್ಕ್ಯಾನ್, ಕೆಲವು 1975ರ ಮದುವೆಯ ಕಪ್ಪು ಬಿಳುಪು ಚಿತ್ರಗಳನ್ನು ಆಲ್ಬಮ್ಮಿನಿಂದಲೇ ಮೊಬೈಲಿನಲ್ಲಿ ತೆಗೆದವು, ಉಳಿದವು ಬಂಧುಗಳು ವಾಟ್ಸ್‌ಆ್ಯಪಿನಲ್ಲಿ ಕಳಿಸಿದವು. ಸಮಾರಂಭಕ್ಕೆ ಇನ್ನು ಮೂರು ವಾರವಿದೆ. ಛತ್ರದಲ್ಲಿ ಎಲ್‌ಇಡಿ ವಾಲ್ ಹಾಕಿಸುತ್ತಿದ್ದೇವೆ. ಯಾವ ಹಂತದಲ್ಲಿ ಕೆಟ್ಟಿದೆ ಎಂಬುದನ್ನು ಬಲ್ಲವರು ತಿಳಿಸಿದರೆ ಮತ್ತೆ ಮಾಡಲು ನಾನು ಸಿದ್ಧ.

ಉತ್ತರ: ಎಡಿಟಿಂಗ್ ಮೇಜು

ನೀವು ಕೊಟ್ಟ ವಿವರದಲ್ಲೇ ಅರ್ಧ ಉತ್ತರವಿದೆ. ಮೊದಲು ಲೆಕ್ಕ ಮಾಡೋಣ. ಸಾಮಾನ್ಯ ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೊ ಎಂದರೆ 4000×3000, ಅಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್. ನೀವು ಆರಿಸಿದ ಚೌಕಟ್ಟು 1280×720. ಫೋಟೊ 4:3 ಅನುಪಾತದ್ದಾದ್ದರಿಂದ ಆ ಚೌಕಟ್ಟಿನೊಳಗೆ ಅದಕ್ಕೆ ಸಿಗುವುದು 960×720, ಅಂದರೆ ಏಳು ಲಕ್ಷಕ್ಕೂ ಕಡಿಮೆ ಪಿಕ್ಸೆಲ್. ಹದಿನೇಳು ಪಾಲಿನಲ್ಲಿ ಒಂದು ಪಾಲು ಮಾತ್ರ ಉಳಿದು, ಮಿಕ್ಕಿದ್ದೆಲ್ಲ ಎಕ್ಸ್‌ಪೋರ್ಟ್ ಗುಂಡಿ ಒತ್ತುವ ಮೊದಲೇ ಹೋಗಿಬಿಟ್ಟಿದೆ. ಆ ಚಿಕ್ಕ ಚಿತ್ರವನ್ನು ನಿಮ್ಮ ಟಿ.ವಿ. ತನ್ನ ಪರದೆಯ ಅಳತೆಗೆ ಎಳೆದು ತೋರಿಸುತ್ತದೆ. ಹಬೆಯ ಗಾಜು ಎಂದದ್ದು ಇದನ್ನೇ. ಯೋಜನೆಯನ್ನು 1920×1080ಕ್ಕೆ ಬದಲಿಸಿ. ಟಿ.ವಿ. 4ಕೆ ಆಗಿದ್ದು, ಕಂಪ್ಯೂಟರಿಗೂ ಶಕ್ತಿಯಿದ್ದರೆ 3840×2160 ಮಾಡಬಹುದು, ಆದರೆ ನಿಮ್ಮ ಹಳೆಯ ಚಿತ್ರಗಳಲ್ಲಿ ಅಷ್ಟು ವಿವರ ಇರುವುದು ಅನುಮಾನ.

ಎರಡನೆಯದು ಬಿಟ್‌ರೇಟ್. 160 ಎಂಬಿಯನ್ನು ಎಂಟರಿಂದ ಗುಣಿಸಿ 720 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 1.8 ಮೆಗಾಬಿಟ್ ಬರುತ್ತದೆ, ಅದರಲ್ಲಿ ಹಾಡಿನ ಪಾಲೂ ಸೇರಿದೆ. ಫೋಟೊ ಅಲುಗಾಡದೆ ನಿಂತಿದ್ದರೆ ಇಷ್ಟು ಸಾಕಾಗುತ್ತಿತ್ತೋ ಏನೋ, ಏಕೆಂದರೆ ವಿಡಿಯೊ ಸಂಕುಚನವು ಹಿಂದಿನ ಚೌಕಟ್ಟಿಗೂ (ಚೌಕಟ್ಟು ಎಂದರೆ ಇಲ್ಲಿ ವಿಡಿಯೊದ ಒಂದೊಂದು ಬಿಡಿ ಚಿತ್ರ) ಈಗಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಟ್ಟುಕೊಂಡು ಜಾಗ ಉಳಿಸುತ್ತದೆ. ಆದರೆ ನಿಮ್ಮಲ್ಲಿ ಪ್ರತಿ ಫೋಟೊವೂ ಹಿಗ್ಗುತ್ತಿದೆ, ನಡುವೆ ಒಂದು ಚಿತ್ರ ಕರಗಿ ಇನ್ನೊಂದು ಮೂಡುವ ಪರಿಣಾಮವನ್ನೂ ಹಾಕಿರಬಹುದು. ಆಗ ಇಡೀ ಪರದೆ ಒಂದೇ ಸಲಕ್ಕೆ ಬದಲಾಗುವುದರಿಂದ ಇರುವ ಬಿಟ್‌ಗಳು ಸಾಲದೆ, ಮೊದಲು ಬಲಿಯಾಗುವುದು ಕೂದಲು, ನೇಯ್ಗೆ, ಎಲೆಗಳಂಥ ಸೂಕ್ಷ್ಮ ವಿವರ. ಎಕ್ಸ್‌ಪೋರ್ಟಿನಲ್ಲಿ ಬಿಟ್‌ರೇಟ್ ನಿಗದಿ ಮಾಡುವುದನ್ನು ಬಿಟ್ಟು, ಗುಣಮಟ್ಟ ಆಧಾರಿತ ಆಯ್ಕೆಯನ್ನು ತೆಗೆದುಕೊಂಡು ಅಲ್ಲಿನ ಶೇಕಡಾವಾರು ಅಂಕಿಯನ್ನು 65ರ ಆಸುಪಾಸಿನಲ್ಲಿಡಿ, ಎಚ್.264 ಎಂಬ ಸಂಕುಚನ ವಿಧಾನದ ಲೆಕ್ಕದಲ್ಲಿ ಅದು ಸಿಆರ್‌ಎಫ್ ಎಂಬ ಗುಣಮಟ್ಟದ ಅಂಕಿ 18ಕ್ಕೆ ಹತ್ತಿರ. ಶೇಕಡಾವಾರು ಅಂಕಿಯಂತಲ್ಲ, ಸಿಆರ್‌ಎಫ್ ಅಂಕಿ ಇಳಿದಷ್ಟೂ ಗುಣಮಟ್ಟ ಏರುತ್ತದೆ. 18ಕ್ಕಿಂತ ಬಹಳ ಕೆಳಗೆ ಹೋದರೆ ಕಡತ ಊದಿಕೊಳ್ಳುತ್ತದೆಯೇ ಹೊರತು ಕಣ್ಣಿಗೆ ಲಾಭವಿಲ್ಲ.

ಇನ್ನು ಜರಿಯ ಮಿಣುಕು. ಜರಿಯ ಎಳೆ ವಿಡಿಯೊದ ಒಂದು ಪಿಕ್ಸೆಲ್‌ಗಿಂತ ತೆಳುವಾದಾಗ, ಒಂದು ಚೌಕಟ್ಟಿನಲ್ಲಿ ಅದು ಸಿಕ್ಕಿ ಮುಂದಿನದರಲ್ಲಿ ತಪ್ಪಿಹೋಗುತ್ತದೆ. ದೊಡ್ಡ ಫೋಟೊವನ್ನು ಹಾಗೆಯೇ ಹಾಕಿ, ಪ್ರತಿ ಚೌಕಟ್ಟಿಗೂ ಅವಸರದಲ್ಲಿ ಕುಗ್ಗಿಸುವ ಕೆಲಸವನ್ನು ತಂತ್ರಾಂಶಕ್ಕೆ ಬಿಟ್ಟರೆ ಹೀಗಾಗುತ್ತದೆ. 'ದೊಡ್ಡದಿದ್ದಷ್ಟೂ ಒಳ್ಳೆಯದು' ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಹಿಗ್ಗುವುದು ಶೇ 15ರಷ್ಟು ಎಂದಾದರೆ 1080ರ ಚೌಕಟ್ಟಿಗೆ 1242 ಪಿಕ್ಸೆಲ್ ಎತ್ತರದ ಫೋಟೊ ಸಾಕು, 1400 ಎಂದಿಟ್ಟುಕೊಳ್ಳಿ. ಇರ್ಫಾನ್‌ವ್ಯೂ ಎಂಬ ಫೋಟೊ ತಂತ್ರಾಂಶದಲ್ಲಿ ಇಡೀ ಫೋಲ್ಡರನ್ನು ಒಮ್ಮೆಗೇ ಲ್ಯಾಂಕ್ಜೋಸ್ ಎಂಬ ಕುಗ್ಗಿಸುವ ವಿಧಾನದಿಂದ ಆ ಅಳತೆಗೆ ಇಳಿಸಿ, ಬೇಕಿದ್ದರೆ ಅಲ್ಲೇ ತುಸು ಶಾರ್ಪನ್ ಮಾಡಿ, ಆಮೇಲೆ ಶಾಟ್‌ಕಟ್ಟಿಗೆ ತನ್ನಿ. ಮೂಲ ಫೋಟೊಗಳ ಫೋಲ್ಡರನ್ನು ಮಾತ್ರ ಮುಟ್ಟಬೇಡಿ.

ಹಿಗ್ಗಿಸುವುದರಲ್ಲೇ ಇನ್ನೊಂದು ತೊಡಕಿದೆ. ಐದು ಸೆಕೆಂಡಿನಲ್ಲಿ ಶೇ 15 ಹಿಗ್ಗಿದರೆ ಮೇಲಿನ ಅಂಚು ಸರಿಯುವುದು 81 ಪಿಕ್ಸೆಲ್, ಸೆಕೆಂಡಿಗೆ 30 ಚೌಕಟ್ಟಿನ ಲೆಕ್ಕದಲ್ಲಿ ಅದು ಹಂಚಿಹೋಗುವುದು 150 ಚೌಕಟ್ಟುಗಳಲ್ಲಿ. ಅಂದರೆ ಒಂದು ಚೌಕಟ್ಟಿಗೆ ಸುಮಾರು ಅರ್ಧ ಪಿಕ್ಸೆಲ್. ಅರ್ಧ ಪಿಕ್ಸೆಲ್‌ನ ಲೆಕ್ಕ ಇಡಲಾರದೆ ಪೂರ್ಣಾಂಕಕ್ಕೆ ಸರಿಹೊಂದಿಸುವ ಕಡೆ ಚಿತ್ರ ಒಮ್ಮೆ ನಿಂತು ಒಮ್ಮೆ ಜಿಗಿಯುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದ ಜೂಮ್‌ಪ್ಯಾನ್ ಬಳಸುವವರು, ಈ ನಡುಕ ತಪ್ಪಿಸಲೆಂದೇ ಮೊದಲು ಚಿತ್ರವನ್ನು ಹಲವು ಪಟ್ಟು ದೊಡ್ಡದು ಮಾಡಿಕೊಂಡು ನಂತರ ಜೂಮ್ ಮಾಡುತ್ತಾರೆ. ನನ್ನನ್ನು ಕೇಳಿದರೆ 140ರಲ್ಲಿ ನೂರು ಫೋಟೊಗಳು ಅಲುಗಾಡದೆ ನಿಲ್ಲಲಿ. ಎಲ್ಲವೂ ಹಿಗ್ಗುತ್ತಿದ್ದರೆ ನೋಡುವವರಿಗೆ ಯಾವುದೂ ವಿಶೇಷ ಅನ್ನಿಸುವುದಿಲ್ಲ.

ಉತ್ತರ: ಹಳೆಯ ಆಲ್ಬಮ್

ಮೇಲಿನವರು ಹೇಳಿದ್ದೆಲ್ಲ ವಿಡಿಯೊದ ಒಳಗಿನ ಮಾತು. ನನಗೆ ಚಿಂತೆಯಾಗಿರುವುದು ವಿಡಿಯೊಗೆ ಬರುವ ಮೊದಲೇ ಕೆಟ್ಟಿರುವ ಚಿತ್ರಗಳದ್ದು.

ಬಂಧುಗಳಿಗೆ ಇವತ್ತೇ ಹೇಳಿ, ವಾಟ್ಸ್‌ಆ್ಯಪಿನಲ್ಲಿ ಫೋಟೊವನ್ನು ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಲಿ. ಸಾಮಾನ್ಯವಾಗಿ ಕಳಿಸಿದ ಫೋಟೊ ಕುಗ್ಗಿ, ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿದು, ಜೊತೆಗೆ ಇನ್ನೊಮ್ಮೆ ಸಂಕುಚಿತವೂ ಆಗಿರುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಇದಕ್ಕಿಂತ ಮೇಲು, ಆದರೆ ಅದೂ ಮೂಲ ಚಿತ್ರವಲ್ಲ. ನಾಲ್ಕು ಗುಂಪು ಸುತ್ತಿ ಬಂದ ಚಿತ್ರವನ್ನಂತೂ ಬಿಟ್ಟೇಬಿಡಿ, ಮೊದಲು ತೆಗೆದವರ ಫೋನನ್ನೇ ಹುಡುಕಿ.

ಮದುವೆಯ ಕಪ್ಪು ಬಿಳುಪು ಚಿತ್ರಗಳನ್ನು ಮೊಬೈಲಿನಲ್ಲಿ ಮತ್ತೆ ತೆಗೆಯುವ ಬದಲು ಸ್ಕ್ಯಾನ್ ಮಾಡಿಸಿ. 4×6 ಇಂಚಿನ ಪ್ರಿಂಟನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಮಾಡಿದರೆ 1200×1800 ಪಿಕ್ಸೆಲ್ ಸಿಗುತ್ತದೆ. ಇಡೀ ಚಿತ್ರ ತೋರಿಸಲು ಅದು ಸಾಕು. ಗುಂಪಿನಿಂದ ಅಜ್ಜನ ಮುಖವನ್ನಷ್ಟೇ ಹತ್ತಿರ ತರಬೇಕೆಂದರೆ 600 ಬೇಕು. ಅದಕ್ಕೂ ಮೇಲೆ ಹೋದರೆ ಸಾಮಾನ್ಯವಾಗಿ ಹಿಗ್ಗುವುದು ಕಾಗದದ ನಾರು ಮತ್ತು ಧೂಳು. ಸ್ಕ್ಯಾನ್ ಮಾಡುವ ಅಂಗಡಿಯವರಿಗೆ ಡಿಪಿಐ ಎಷ್ಟೆಂದು ಬಾಯಿಬಿಟ್ಟು ಹೇಳಿ, ಇಲ್ಲವಾದರೆ ಅರ್ಜಿಗೆ ಲಗತ್ತಿಸುವ ದಾಖಲೆಯಂತೆ 150ರಲ್ಲಿ ಮುಗಿಸಿ ಕೊಡುವವರಿದ್ದಾರೆ. ನೆಗೆಟಿವ್ ಸಿಕ್ಕರೆ ಅದೇ ಎಲ್ಲಕ್ಕಿಂತ ಮೇಲು. 35 ಮಿಲಿಮೀಟರ್ ನೆಗೆಟಿವನ್ನು 2400 ಡಿಪಿಐನಲ್ಲಿ ತೆಗೆದರೆ ಸುಮಾರು 3400×2270 ಬರುತ್ತದೆ, ಪ್ರಿಂಟಿನಲ್ಲಿ ಕಾಣದ ನೆರಳಿನ ಭಾಗಗಳೂ ತೆರೆದುಕೊಳ್ಳುತ್ತವೆ. ಕಬ್ಬಿಣದ ಟ್ರಂಕಿನ ತಳದಲ್ಲಿ, ಸ್ಟುಡಿಯೊದವರು ಕೊಟ್ಟ ಲಕೋಟೆಯ ಹಿಂಬದಿಯ ಜೇಬಿನಲ್ಲಿ ಒಮ್ಮೆ ನೋಡಿ. ನಮ್ಮ ಮನೆಯವು ಸಿಕ್ಕಿದ್ದು ಅಲ್ಲೇ.

ಅಂಟು ಹಾಳೆಯ ಆಲ್ಬಮ್ಮಿನಿಂದ ಚಿತ್ರ ಬಿಡಿಸಲು ಬಾರದಿದ್ದರೆ ಎಳೆಯಬೇಡಿ, ಹರಿಯುತ್ತದೆ. ಆಗ ಮೊಬೈಲೇ ಗತಿ. ಆಲ್ಬಮ್ಮನ್ನು ಜಗಲಿಯಲ್ಲಿ, ನೇರ ಬಿಸಿಲು ಬೀಳದ ಕಡೆ ಇಟ್ಟು, ಫೋನನ್ನು ಚಿತ್ರಕ್ಕೆ ಸಮಾನಾಂತರವಾಗಿ ಸ್ಟ್ಯಾಂಡಿಗೆ ಕಟ್ಟಿ, ಎರಡು ಸೆಕೆಂಡಿನ ಟೈಮರ್ ಇಟ್ಟು ತೆಗೆಯಿರಿ. ಕೈಯಲ್ಲಿ ಹಿಡಿದು ತೆಗೆದ ನಕಲುಗಳು ಮಸುಕಾಗುವುದಕ್ಕೆ ಬಹಳ ಸಲ ಕಾರಣ ಕೈನಡುಕ.

ಎಐ ಬಳಸಿ ಮುಖ ಸ್ಪಷ್ಟಗೊಳಿಸುವ ಆ್ಯಪ್‌ಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ. ಅಂಥದ್ದೊಂದರಲ್ಲಿ ನಮ್ಮ ಅಜ್ಜಿಯ ಮಸುಕು ಚಿತ್ರವನ್ನು ಹಾಕಿದಾಗ ಕಣ್ಣು ರೆಪ್ಪೆಗಳೆಲ್ಲ ಚೆನ್ನಾಗಿಯೇ ಬಂದವು. ಎರಡು ಮೂಗುಬೊಟ್ಟುಗಳಲ್ಲಿ ಒಂದು ಮಾಯವಾಗಿತ್ತು, ಮುಖ ಇನ್ಯಾರದೋ ಆಗಿತ್ತು. ಅದು ಇರುವ ವಿವರವನ್ನು ಹೊರತೆಗೆಯುವುದಿಲ್ಲ, ಇರಬಹುದಾದದ್ದನ್ನು ಊಹಿಸಿ ಬರೆಯುತ್ತದೆ. ಮಸುಕಾದ ಚಿತ್ರವನ್ನು ಚಿಕ್ಕದಾಗಿ, ಸುತ್ತ ಅಂಚು ಬಿಟ್ಟು, ಹಳೆಯ ಆಲ್ಬಮ್ಮಿನ ಪುಟದಲ್ಲಿ ಅಂಟಿಸಿದಂತೆ ತೋರಿಸಿದರೆ ಯಾರೂ ಅದನ್ನು ಕೊರತೆ ಎನ್ನುವುದಿಲ್ಲ.

ಉತ್ತರ: ಮಂಟಪದ ಮೂಲೆಯವ

ನಾನು ಸಮಾರಂಭಗಳಲ್ಲಿ ಎಲ್‌ಇಡಿ ವಾಲ್ ಕಟ್ಟುವ ಕೆಲಸದಲ್ಲಿದ್ದೇನೆ. ಮೇಲಿನ ಇಬ್ಬರೂ ಟಿ.ವಿ.ಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ, ಛತ್ರದ ಗೋಡೆಯ ಲೆಕ್ಕ ಬೇರೆ. ಬಾಡಿಗೆಗೆ ಬರುವ ಪಿ 3.91 ಎಂಬ ಫಲಕಗಳಲ್ಲಿ ಒಂದು ದೀಪದಿಂದ ಇನ್ನೊಂದಕ್ಕೆ 3.91 ಮಿಲಿಮೀಟರ್ ಅಂತರ. ಅರ್ಧ ಮೀಟರ್ ಚೌಕದ ಒಂದು ಫಲಕದಲ್ಲಿ 128×128 ಪಿಕ್ಸೆಲ್ ಇರುತ್ತವೆ. ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಗೋಡೆಗೆ ಇಂಥ ಇಪ್ಪತ್ತನಾಲ್ಕು ಫಲಕ ಬೇಕು, ಒಟ್ಟು 768×512. ಇದು ಹಳೆಯ ಡಿವಿಡಿಯ 720×576ಕ್ಕಿಂತಲೂ ಕಡಿಮೆ. ನೀವು 4ಕೆ ವಿಡಿಯೊ ತಂದರೂ ಅಲ್ಲಿ ಮೂಡುವುದು ನಾಲ್ಕು ಲಕ್ಷಕ್ಕೂ ಕಡಿಮೆ ಚುಕ್ಕೆಗಳು ಮಾತ್ರ.

ಹಾಗಾಗಿ ಗೋಡೆಗೆ ಫೋಟೊ ಆರಿಸುವ ಕ್ರಮವೇ ಬೇರೆಯಾಗಬೇಕು. ಅರವತ್ತು ಜನ ನಿಂತ ಕುಟುಂಬದ ಚಿತ್ರದಲ್ಲಿ ಒಂದೊಂದು ಮುಖದ ಅಗಲಕ್ಕೆ ಇಪ್ಪತ್ತು ಚುಕ್ಕೆಯೂ ಸಿಗುವುದಿಲ್ಲ; ಅದನ್ನು ಎರಡು ಮೂರು ತುಂಡು ಮಾಡಿ ಸಾಲಾಗಿ ತೋರಿಸಿ. ಒಬ್ಬರು, ಇಬ್ಬರು ಇರುವ ಚಿತ್ರಗಳು ಅಲ್ಲಿ ಚೆನ್ನಾಗಿ ಕಾಣುತ್ತವೆ. ಕನ್ನಡ ಶೀರ್ಷಿಕೆಗೆ ಒತ್ತಕ್ಷರದ ಹೊರೆ ಇದೆಯಲ್ಲ, ಅಕ್ಷರದ ಎತ್ತರ ಪರದೆಯ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದಾದರೆ ಒತ್ತು ಓದಲು ಬರುವುದಿಲ್ಲ. ನಾನು ಹೇಳಿದ ಗೋಡೆಯ ಅನುಪಾತ 3:2, ನಿಮ್ಮ ವಿಡಿಯೊದ್ದು 16:9. ಮೊದಲೇ ಮಾತಾಡಿಕೊಳ್ಳದಿದ್ದರೆ ನಮ್ಮವರಲ್ಲೇ ಕೆಲವರು ಗೋಡೆ ತುಂಬಲಿ ಎಂದು ಎಳೆದುಬಿಡುತ್ತಾರೆ, ಆಗ ಅಪ್ಪ ಅಮ್ಮ ಇಬ್ಬರೂ ತೆಳ್ಳಗೆ ಉದ್ದವಾಗುತ್ತಾರೆ. ನಿಮ್ಮ ಆಪರೇಟರನ್ನು ಇವತ್ತೇ ಕೇಳಿ, ಗೋಡೆ ಎಷ್ಟು ಮೀಟರ್, ಒಟ್ಟು ಎಷ್ಟು ಪಿಕ್ಸೆಲ್. ಉತ್ತರ ಬಂದಮೇಲೆ ಗೋಡೆಗೊಂದು, ಟಿ.ವಿ.ಗೊಂದು ಎಂದು ಎರಡು ಪ್ರತಿ ಮಾಡಿ.

ಮನೆಯ ಟಿ.ವಿ.ಗೂ ಒಂದು ಮಾತು. ಚಿತ್ರದ ಅಳತೆಯ ಸೆಟ್ಟಿಂಗ್ ಸ್ಯಾಮ್‌ಸಂಗ್‌ನಲ್ಲಿ 'ಸ್ಕ್ರೀನ್ ಫಿಟ್' ಅಥವಾ 'ಫಿಟ್ ಟು ಸ್ಕ್ರೀನ್', ಎಲ್‌ಜಿಯಲ್ಲಿ 'ಜಸ್ಟ್ ಸ್ಕ್ಯಾನ್' ಎಂಬ ಹೆಸರಿನಲ್ಲಿರುತ್ತದೆ. ಅದರ ಬದಲು ಬೇರೆ ಆಯ್ಕೆ ಇಟ್ಟಿದ್ದರೆ ಟಿ.ವಿ. ಅಂಚನ್ನು ಕತ್ತರಿಸಿ ಉಳಿದದ್ದನ್ನು ಹಿಗ್ಗಿಸಿ ತೋರಿಸುತ್ತದೆ.

ಮರುಉತ್ತರ: ಹೇಮಾವತಿ ದಡದವ

ಮೂವರಿಗೂ ಕೃತಜ್ಞತೆಗಳು. ಎರಡು ವಾರಾಂತ್ಯ ಕೂತು ಮತ್ತೆ ಮಾಡಿದೆ. 1080ರ ಯೋಜನೆ, 1400 ಎತ್ತರಕ್ಕೆ ಇಳಿಸಿದ ಫೋಟೊಗಳು, ಸಿಆರ್‌ಎಫ್ 18, ಮೂವತ್ತು ಫೋಟೊಗಳಿಗೆ ಮಾತ್ರ ಜೂಮ್. ಸೆರಗು ಈಗ ಸೆರಗಾಗಿಯೇ ಇದೆ. ಲಕೋಟೆಯ ಜೇಬಿನಲ್ಲಿ ನೆಗೆಟಿವ್ ಸಿಗಲಿಲ್ಲ, ಆದರೆ ಅತ್ತೆಯ ಮನೆಯಲ್ಲಿ ಅದೇ ಮದುವೆಯ ದೊಡ್ಡ ಪ್ರಿಂಟುಗಳಿದ್ದವು. ಆಪರೇಟರು ನಮ್ಮ ಗೋಡೆ ನಾಲ್ಕು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರ ಎಂದರು; ಲೆಕ್ಕ ಹಾಕಿದರೆ 1024×640 ಆಗುತ್ತದೆ. ಆ ಅಳತೆಯಲ್ಲೇ ಇನ್ನೊಂದು ಪ್ರತಿ ಮಾಡಿದ್ದೇನೆ. ಉಳಿದಿರುವ ಸಂದೇಹ ಎರಡು. ಕೆಂಪು ಶೀರ್ಷಿಕೆಯ ಅಂಚು 1080ರಲ್ಲೂ ಪೂರ್ತಿ ಸರಿಹೋಗಿಲ್ಲ. ಅಮೆರಿಕದಲ್ಲಿರುವ ತಂಗಿಗೆ ಯಾವ ದಾರಿಯಿಂದ ಕಳಿಸಿದರೆ ಕೆಡದೆ ತಲುಪುತ್ತದೆ?

ಉತ್ತರ: ಎಡಿಟಿಂಗ್ ಮೇಜು

ಕೆಂಪಿನ ತೊಂದರೆ ನಿಮ್ಮ ತಪ್ಪಲ್ಲ. ಸಾಮಾನ್ಯ ವಿಡಿಯೊಗಳಲ್ಲಿ ಬೆಳಕಿನ ವಿವರ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣದ ವಿವರ ಮಾತ್ರ ನಾಲ್ಕು ಪಿಕ್ಸೆಲ್‌ಗಳ ಚೌಕಕ್ಕೆ ಒಂದರಂತೆ ಇರುತ್ತದೆ. 4:2:0 ಎಂದು ಬರೆಯುವುದು ಇದನ್ನೇ. ಕಪ್ಪು ಹಿನ್ನೆಲೆಯ ಮೇಲಿನ ಅಚ್ಚ ಕೆಂಪಿನಲ್ಲಿ ಬೆಳಕಿನ ವ್ಯತ್ಯಾಸ ಕಡಿಮೆ, ಇರುವುದೆಲ್ಲ ಬಣ್ಣದ ವ್ಯತ್ಯಾಸ, ಹಾಗಾಗಿ ಅಂಚು ಕದಡುತ್ತದೆ, ಒತ್ತಕ್ಷರದ ಸಂದುಗಳು ತುಂಬಿಕೊಳ್ಳುತ್ತವೆ. ಬೆಣ್ಣೆಬಿಳಿ ಅಥವಾ ತಿಳಿ ಹಳದಿ ಅಕ್ಷರಕ್ಕೆ ಕಪ್ಪು ಅಂಚುಗೆರೆ ಕೊಡಿ. ಶುಭಕಾರ್ಯಕ್ಕೆ ಕೆಂಪೇ ಬೇಕೆಂದು ಮನೆಯವರು ಹಟ ಹಿಡಿದರೆ, ಬಿಳಿ ಅಕ್ಷರದ ಹಿಂದೆ ಕುಂಕುಮ ಬಣ್ಣದ ಪಟ್ಟಿ ಹಾಕಿ.

ತಂಗಿಗೆ ಹನ್ನೆರಡು ನಿಮಿಷದ ಕಡತವನ್ನು ಗೂಗಲ್ ಡ್ರೈವಿಗೆ ಹಾಕಿ, ಇಳಿಸಿಕೊಂಡು ನೋಡಲು ಹೇಳಿ. ಡ್ರೈವಿನ ಪುಟದಲ್ಲೇ ಓಡಿಸಿ ನೋಡಿದರೆ ಕಾಣುವುದು ಮತ್ತೆ ಸಂಕುಚಿತವಾದ ಪ್ರತಿ. ಬಂಧುಗಳೆಲ್ಲ ನೋಡಬೇಕೆಂದಿದ್ದರೆ ಯೂಟ್ಯೂಬಿನಲ್ಲಿ ಅನ್‌ಲಿಸ್ಟೆಡ್ (ಕೊಂಡಿ ಇದ್ದವರಿಗಷ್ಟೇ ಕಾಣುವಂತೆ) ಎಂದು ಇಡಬಹುದು. 1080, ಸೆಕೆಂಡಿಗೆ 30 ಚೌಕಟ್ಟಿನ ವಿಡಿಯೊಗೆ ಅವರು ಸೂಚಿಸುವ ಬಿಟ್‌ರೇಟ್ 8 ಮೆಗಾಬಿಟ್. ನಿಮ್ಮ ಹನ್ನೆರಡು ನಿಮಿಷಕ್ಕೆ ಅದು ಸುಮಾರು 720 ಎಂಬಿ. ಅದಕ್ಕಿಂತ ಹೆಚ್ಚಿದ್ದರೂ ತೊಂದರೆಯಿಲ್ಲ. ಏರಿಸಿದ ಕೂಡಲೇ ಕೊಂಡಿ ಹಂಚಬೇಡಿ, ಮೊದಲು ಸಿದ್ಧವಾಗುವುದು ಕಡಿಮೆ ಗುಣಮಟ್ಟದ ಪ್ರತಿ. 1080 ಎಂಬ ಆಯ್ಕೆ ಕಾಣಿಸಿಕೊಂಡ ಮೇಲೆ ಹಂಚಿ, ಇಲ್ಲವಾದರೆ ಅಮೆರಿಕದಿಂದ ಬರುವ ಮೊದಲ ಫೋನು 'ಅಣ್ಣಾ, ಯಾಕೋ ಮಸುಕಾಗಿದೆ' ಎಂದೇ ಇರುತ್ತದೆ.