ಅಂಬಾಸಡರ್ ಮುಂದಿನ ಚಕ್ರ: ಮನೆಯಲ್ಲೇ ಅಳೆದರೆ ಸಾಕಾ, ಮೆಷಿನ್ನೇ ಬೇಕಾ?

ಪೆರ್ಲದ ಅಂಬಿ:
ಅಪ್ಪನ ಕಾಲದ 1978ರ ಅಂಬಾಸಡರ್. ಹೊಸ ಟಯರ್ ಹಾಕಿ ವರ್ಷ ಆಗಿಲ್ಲ, ಮುಂದಿನ ಎರಡರದ್ದೂ ಹೊರ ಅಂಚು ಬೋಳಾಗಿದೆ. ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿ) ಮಾಡಿಸಲು ಪೇಟೆಗೆ ಹೋದರೆ "ಈ ಗಾಡಿಯ ಲೆಕ್ಕ ಕಂಪ್ಯೂಟರಿನಲ್ಲಿ ಇಲ್ಲ" ಎಂದು ವಾಪಸ್ ಕಳಿಸಿದರು. ನಿನ್ನೆ ಅಡಿಕೆ ಒಣಗಿಸುವ ಅಂಗಳದಲ್ಲಿ ಜಾಕ್ ಕೊಟ್ಟು ನಾನೇ ಅಳೆದೆ. ಮುಂದಿನ ಎರಡು ಚಕ್ರಗಳ ನಡುವಿನ ಅಂತರ ಚಕ್ರದ ಹಿಂಬದಿಗಿಂತ ಮುಂಬದಿಯಲ್ಲಿ 11 ಮಿ.ಮೀ. ಕಮ್ಮಿ! ಸ್ಟಿಯರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ತಿರುಗಿಸಲಾ?

ಮಂಜೇಶ್ವರ ಸವಾರ:
ಬೇಡ ಮಾರಾಯ್ರೆ. ಸ್ಟಿಯರಿಂಗ್ ವಿಷಯದಲ್ಲಿ ಪ್ರಯೋಗ ಯಾಕೆ? ಮಂಗಳೂರಿಗೆ ಹೋಗಿ ಮೆಷಿನ್ನಿಗೇ ಹಾಕಿಸಿ. ಕ್ಯಾಂಬರ್ (ಚಕ್ರ ಒಳಗೆ-ಹೊರಗೆ ವಾಲಿರುವುದು), ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದೆ-ಮುಂದೆ ವಾಲಿರುವುದು) ಎಲ್ಲ ಅದರಲ್ಲಿ ಕಾಣುತ್ತದೆ.

ಗ್ರೀಸ್ ಕೈ, ಬದಿಯಡ್ಕ:
ಕಾಣುತ್ತದೆ, ಸರಿ. ಆದರೆ ಅಂಬಾಸಡರಿನಲ್ಲಿ ಸುಲಭವಾಗಿ ತಿರುಗಿಸಿ ಸರಿ ಮಾಡುವಂಥದ್ದು ಟೋ ಒಂದೇ, ಅಂದರೆ ನೀವು ಅಳೆದ ಆ ಹಿಂದೆ-ಮುಂದಿನ ಅಂತರದ ವ್ಯತ್ಯಾಸ. ಕ್ಯಾಂಬರ್ ತಪ್ಪಿದ್ದರೆ ಏನೋ ಸವೆದಿದೆ ಅಥವಾ ಬಾಗಿದೆ ಅಂತಲೇ ಅರ್ಥ.

ಅಂಬಿಯವರೇ, ಜಾಕ್ ಮೇಲೆ ಅಳೆದ 11ನ್ನು ಮರೆತುಬಿಡಿ. ಚಕ್ರ ನೇತಾಡುವಾಗ ಕೋನವೇ ಬೇರೆ. ಜಾಕ್ ಇರುವಾಗ ಇನ್ನೊಂದು ಕೆಲಸ ಮಾಡಿ. ಚಕ್ರವನ್ನು ಎಡ-ಬಲ ಹಿಡಿದು ಅಲುಗಾಡಿಸಿ. ಟಕ್ ಟಕ್ ಅಂದರೆ ಮೊದಲು ಟೈ ರಾಡ್ ತುದಿಯ ಬಾಲ್ ಜಾಯಿಂಟ್ ನೋಡಿ. ಮೇಲೆ-ಕೆಳಗೆ ಅಲುಗಿದರೆ ಬೇರಿಂಗ್ ಅಥವಾ ಸ್ವಿವೆಲ್ ಪಿನ್ (ಚಕ್ರ ಎಡ-ಬಲ ತಿರುಗುವ ಪಿನ್) ಸವೆದಿದೆ. ಹೀಗೆ ಸಡಿಲ ಇರುವ ಗಾಡಿಗೆ ಯಾವ ಮೆಷಿನ್ನೂ ಸುಮ್ನೆ.

ಆಮೇಲೆ ಇಳಿಸಿ. ಎರಡೂ ಟಯರಿಗೆ ಒಂದೇ ಗಾಳಿ. ಟಯರಿನ ಮಧ್ಯದಲ್ಲಿ ಚಾಕ್ ಗುರುತು ಹಾಕಿ ಚಕ್ರದ ನಡುವಿನ ಹಬ್ (hub) ಎತ್ತರದಲ್ಲಿ, ಚಕ್ರದ ಹಿಂಬದಿಯಲ್ಲಿ ಎರಡು ಗುರುತುಗಳ ಅಂತರ ಅಳೆಯಿರಿ. ಗಾಡಿಯನ್ನು ಮುಂದಕ್ಕೇ ತಳ್ಳಿ. ಅದೇ ಗುರುತು ಮುಂದೆ ಬಂದಾಗ ಮತ್ತೆ ಅಳೆಯಿರಿ. ಇಂಜಿನ್ ಅಡ್ಡ ಬಂದರೆ ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ನೆಲಕ್ಕೆ ಗುರುತು ಹಾಕಿ.

ಕುಂಬಳೆ ಕಡಲು:
ಅಡಿಕೆ ಅಂಗಳ ಬೇಡ. ಮಳೆನೀರು ಹರಿಯಲು ಇಳಿಜಾರು ಇಟ್ಟಿರುತ್ತಾರೆ ಅಲ್ವಾ? ಟಯರನ್ನೂ ಕೈಯಿಂದ ಸವರಿ ನೋಡಿ. ಒಳಗಿನಿಂದ ಹೊರಕ್ಕೆ ಎಳೆದಾಗ ಗರಗಸದ ಹಾಗೆ ಚುಚ್ಚಿದರೆ ಟೋ ಇನ್ (ಚಕ್ರಗಳ ಮುಂಬದಿ ಒಳಕ್ಕೆ ತಿರುಗಿರುವುದು) ಜಾಸ್ತಿ.

ಮಂಜೇಶ್ವರ ಸವಾರ:
ಸರಿ, ಅಳೆಯಲಿ. ಎಷ್ಟಕ್ಕೆ ಇಡುವುದು?

ಗ್ರೀಸ್ ಕೈ, ಬದಿಯಡ್ಕ:
ಕೈಪಿಡಿ ಇದ್ದರೆ ಅದೇ ಲೆಕ್ಕ. ಇಲ್ಲದಿದ್ದರೆ ಇಂಥ ಹಳೆ ಗಾಡಿಗಳಿಗೆ ಸಾಮಾನ್ಯವಾಗಿ ಟೋ ಇನ್ 1.5ರಿಂದ 3 ಮಿ.ಮೀ. ರೇಡಿಯಲ್ ಟಯರ್ ಆದರೆ ಕಡಿಮೆ ಕಡೆಗೇ ಇರಲಿ. ಟೈ ರಾಡಿನ ಲಾಕ್ ನಟ್ ಸಡಿಲಿಸಿ ರಾಡನ್ನು ಕಾಲು ಸುತ್ತು ತಿರುಗಿಸಿ, ತಳ್ಳಿ, ಅಳೆಯಿರಿ. ಎರಡೂ ಕಡೆ ಸಮ.

ಪೆರ್ಲದ ಅಂಬಿ:
ಭಾನುವಾರ ಪೂರ್ತಿ ಇದೇ ಆಯಿತು. ಕಾರ್ ಶೆಡ್ಡಿನ ಸಮ ನೆಲದಲ್ಲಿ ಅಳೆದರೆ 7. ಎಡಗಡೆ ಬಾಲ್ ಜಾಯಿಂಟ್ ಲಡಲಡ ಅನ್ನುತ್ತಿತ್ತು, ಬದಲಿಸಿದೆ. ಈಗ 2ಕ್ಕೆ ನಿಂತಿದೆ. ಗಾಡಿ ನೇರ ಹೋಗುತ್ತದೆ, ಆದರೆ ಸ್ಟಿಯರಿಂಗ್ ಚಕ್ರ ಮಾತ್ರ ಓರೆ!

ಗ್ರೀಸ್ ಕೈ, ಬದಿಯಡ್ಕ:
ಟೈ ರಾಡನ್ನು ಒಂದೇ ಕಡೆ ತಿರುಗಿಸಿದಿರಿ.

ಪೆರ್ಲದ ಅಂಬಿ:
ಬಲಗಡೆ ನಟ್ಟು ತುಕ್ಕು ಹಿಡಿದು ಅಲುಗಲೇ ಇಲ್ಲ. ಡೀಸೆಲ್ ಬಟ್ಟೆ ಸುತ್ತಿ ಇಟ್ಟಿದ್ದೇನೆ. ನಾಳೆ ಬೆಳಗ್ಗೆ ನೋಡುವ.