ಕೆರೆಯಲ್ಲಿರುವುದಕ್ಕೆ ಪೂರ್ವಕಥೆ ಬೇಕೇ?

ಅಡ್ಮಿನ್: ನಮ್ಮ ಕಥೆಗಾರರು ನಿನ್ನೆ ರಾತ್ರಿ ಈ ಗುಂಪಿನಲ್ಲಿ ಹಾಕಿದ ಭಯದ ಕಥೆಯ ಪಿಡಿಎಫ್ ಅನ್ನು ಬಹುತೇಕರು ತೆರೆದಿದ್ದೀರಿ. ಪತ್ರಿಕೆಗೆ ಕಳುಹಿಸುವ ಮೊದಲು ಅವರು ಅಭಿಪ್ರಾಯ ಕೇಳಿದ್ದಾರೆ. ದಯವಿಟ್ಟು ಚಪ್ಪಾಳೆಯ ಇಮೋಜಿ ಹಾಕಿ ಜಾರಿಕೊಳ್ಳಬೇಡಿ.

ಮೇಷ್ಟ್ರು: ಮೊದಲ ಹನ್ನೊಂದು ಪುಟಗಳನ್ನು ಓದುವಾಗ ಎದ್ದು ನೀರು ಕುಡಿಯಲೂ ಮನಸ್ಸಾಗಲಿಲ್ಲ. ಕೆರೆಯ ನೀರು ಬಿಡುವ ಕೆಲಸದವನಾಗಿ, ಕತ್ತಲಾದ ಮೇಲೂ ತೂಬನ್ನು ತೆರೆದೇ ಬಿಟ್ಟ ನೀರುಗಂಟಿಯ ಮನೆಯಿಂದ, ಹರಿದುಹೋದಷ್ಟೇ ನೀರನ್ನು ಕೆರೆಯಲ್ಲಿರುವುದು ವಸೂಲಿ ಮಾಡುತ್ತದೆ ಎಂಬ ಕಲ್ಪನೆಯನ್ನು ನಾನು ಬೇರೆಲ್ಲೂ ಓದಿಲ್ಲ. ಮೊದಲ ಬೆಳಿಗ್ಗೆ ಕೊಡಗಳು ಬರಿದಾಗಿರುತ್ತವೆ, ಮರುದಿನ ಹಸುವಿನ ಕೆಚ್ಚಲು ಬತ್ತುತ್ತದೆ, ಮೂರನೆಯ ದಿನ ತೊಟ್ಟಿಲಿನ ಮಗು ಅಳುತ್ತಿದ್ದರೂ ಕಣ್ಣೀರು ಬರುವುದಿಲ್ಲ. ಆದರೆ ಹನ್ನೆರಡನೆಯ ಪುಟದಲ್ಲಿ ಊರ ಹಿರಿಯರೊಬ್ಬರು ಜಗುಲಿಯ ಮೇಲೆ ಕುಳಿತು, ಹಿಂದೊಮ್ಮೆ ಜೋಯಿಸರ ಮಾತು ಕೇಳಿ ಗೌಡರು ತಮ್ಮ ಸೊಸೆಯನ್ನು ಕೆರೆಗೆ ಬಲಿಕೊಟ್ಟದ್ದನ್ನೂ ಅವಳೇ ಹೀಗೆ ಕಾಡುತ್ತಿರುವುದನ್ನೂ ಮೂರು ಪುಟ ವಿವರಿಸುತ್ತಾರೆ. ಆ ಮೂರೂ ಪುಟಗಳನ್ನು ತೆಗೆದುಹಾಕಬೇಕು.

ಕಥೆಗಾರ: ಮೇಷ್ಟ್ರೇ, ಆ ಮೂರು ಪುಟಗಳಿಗಾಗಿಯೇ ನಾನು ಉಳಿದದ್ದನ್ನು ಬರೆದದ್ದು. ಮಗುವಿನ ಕಣ್ಣೀರು ಬತ್ತಿದ್ದೇಕೆ ಎಂದು ಓದುಗರು ಕೇಳಿದರೆ ‘ಸುಮ್ಮನೆ’ ಎಂದು ಉತ್ತರಿಸಲು ಸಾಧ್ಯವೇ?

ಡಾಕ್ಟರ್: ನಾನು ಕಥೆಗಾರರ ಪಕ್ಷ. ವಿವರಿಸಿದ ಕೂಡಲೇ ಭಯ ಸಾಯುತ್ತದೆ ಎಂಬ ಮಾತು ಈಗ ಒಂದು ಮಡಿಯಂತಾಗಿಬಿಟ್ಟಿದೆ. ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ನಡುಭಾಗದಲ್ಲಿ, ವಿಕ್ಟರ್ ಎಂಬುವನು ಸೃಷ್ಟಿಸಿದ ಆ ಭೀಕರ ಜೀವಿಯೇ ಕುಳಿತು ತನ್ನ ಕಥೆಯನ್ನು ಅಧ್ಯಾಯಗಟ್ಟಲೆ ಹೇಳಿಕೊಳ್ಳುತ್ತದೆ. ಬಡ ಕುಟುಂಬವೊಂದರ ಪಕ್ಕದಲ್ಲಿ ಅಡಗಿ ಮಾತು ಕಲಿತದ್ದು, ಓದು ಕಲಿತದ್ದು, ಕಡೆಗೆ ಅವರಿಂದಲೇ ಹೊಡೆತ ತಿಂದದ್ದು ಎಲ್ಲವೂ ನಮಗೆ ತಿಳಿಯುತ್ತದೆ. ತಿಳಿದ ಮೇಲೂ ಅದು ಮಾಡುವ ಕೊಲೆಗಳು ನಮ್ಮನ್ನು ನಡುಗಿಸುತ್ತವೆ, ಏಕೆಂದರೆ ಆ ಹೊತ್ತಿಗೆ ನಮ್ಮ ಮನಸ್ಸಿನ ಒಂದು ಭಾಗ ಅದರ ಕಡೆಗೇ ವಾಲಿರುತ್ತದೆ. ನಮ್ಮವರೇ ಮೆಚ್ಚಿದ, 2004ರ ‘ಆಪ್ತಮಿತ್ರ’ದಲ್ಲಿಯೂ ನಾಗವಲ್ಲಿ ಯಾರು, ಗಂಗಾಳ ಮನಸ್ಸಿಗೆ ಏನಾಗಿದೆ ಎಂಬುದನ್ನು ಮನೋವೈದ್ಯ ಬಿಡಿಸಿ ಹೇಳುತ್ತಾನೆ. ಹೇಳಿದ್ದರಿಂದ ಆ ಚಿತ್ರ ಸೋತಿತೇ?

ಬ್ಯಾಂಕ್ ಗೆಳೆಯ: ನನ್ನ ಮತ ಮೇಷ್ಟ್ರಿಗೆ. 1975ರ ‘ಜಾಸ್’ ಚಿತ್ರದಲ್ಲಿ ಯಾಂತ್ರಿಕ ಶಾರ್ಕ್ ಪದೇಪದೇ ಕೆಟ್ಟದ್ದರಿಂದ ನಿರ್ದೇಶಕ ಸ್ಪಿಲ್‌ಬರ್ಗ್ ಬಹಳ ಹೊತ್ತು ಅದನ್ನು ತೋರಿಸಲೇ ಇಲ್ಲ. ಚಿತ್ರ ಗೆದ್ದದ್ದು ಅದರಿಂದಲೇ.

ಮೇಷ್ಟ್ರು: ಬೆಂಬಲಕ್ಕೆ ಧನ್ಯವಾದ, ಆದರೆ ತೋರಿಸುವುದು ಬೇರೆ, ವಿವರಿಸುವುದು ಬೇರೆ. ಶಾರ್ಕ್ ಎಂದರೇನೆಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ನಿಮಗೆ ಸಿನಿಮಾವೇ ಬೇಕಿದ್ದರೆ 1979ರ ‘ಏಲಿಯನ್’ ನೋಡಿ. ಪಾಳುಬಿದ್ದ ನೌಕೆಯಲ್ಲಿ ಎದೆ ಸೀಳಿ ಸತ್ತ ದೈತ್ಯ ಚಾಲಕನೊಬ್ಬ ಕುಳಿತಿರುತ್ತಾನೆ. ಅವನು ಯಾರೆಂದು ಯಾರೂ ಹೇಳುವುದಿಲ್ಲ, ಕಥೆ ಮುಂದೆ ಸಾಗಿಬಿಡುತ್ತದೆ. ಅದೇ ನಿರ್ದೇಶಕ ರಿಡ್ಲಿ ಸ್ಕಾಟ್ 2012ರ ‘ಪ್ರೊಮಿಥಿಯಸ್’ನಲ್ಲಿ ಅವನ ಕುಲಗೋತ್ರವನ್ನು ಹೇಳಲು ಹೊರಟರು. ನನ್ನ ಮಟ್ಟಿಗೆ ಅಲ್ಲಿ ಆ ಕುರ್ಚಿ ಬರಿದಾಯಿತು.

ಡಾಕ್ಟರ್ ಅವರ ಮಾತಿಗೆ ಬರುತ್ತೇನೆ. ಶೆಲ್ಲಿ ಎಲ್ಲವನ್ನೂ ಹೇಳಲಿಲ್ಲ. ಆ ಜೀವಿಗೆ ಪ್ರಾಣ ಕೊಟ್ಟ ಬಗೆಯನ್ನು ಅವನ ಕಥೆ ಕೇಳುತ್ತಿದ್ದ ನಾವಿಕ ವಾಲ್ಟನ್ ಕೇಳಿದಾಗ ವಿಕ್ಟರ್ ಖಡಾಖಂಡಿತವಾಗಿ ನಿರಾಕರಿಸುತ್ತಾನೆ. ಮಿಂಚು, ಯಂತ್ರ, ಕಿಡಿ ಸಿಡಿಸುವ ಪ್ರಯೋಗಾಲಯಗಳೆಲ್ಲ ನಮ್ಮ ತಲೆಯಲ್ಲಿ ಕುಳಿತದ್ದು 1931ರ ಚಲನಚಿತ್ರದಿಂದ. ಅಂದರೆ ಜೀವಿಯ ನೋವನ್ನು ಹೇಳಬೇಕು, ಅದರ ತಯಾರಿಕೆಯನ್ನು ಹೇಳಬಾರದು ಎಂಬ ವಿವೇಕ ಅವಳಿಗಿತ್ತು. ‘ಆಪ್ತಮಿತ್ರ’ದ ವೈದ್ಯನಿಗಂತೂ ಭಯವನ್ನು ಬಿಡಿಸುವುದೇ ಕೆಲಸ. ಅದು ಗಂಗಾಳನ್ನು ಉಳಿಸಿಕೊಳ್ಳುವ ಕಥೆ. ನಮ್ಮ ಕಥೆಗಾರರು ನೀರುಗಂಟಿಯನ್ನು ಉಳಿಸಲು ಹೊರಟಿಲ್ಲ, ಆ ಮೂರು ಪುಟಗಳಾದ ಮೇಲೆ ಅವನನ್ನು ಕೊಂದೇ ಬಿಡುತ್ತಾರೆ.

ವಕೀಲರು: ಹಾಗಾದರೆ ಎಷ್ಟು ಹೇಳಬೇಕು? ‘ಕಡಿಮೆ ಹೇಳಿ’ ಎನ್ನುವುದು ಮಾನದಂಡವಾಗುವುದಿಲ್ಲ.

ಮೇಷ್ಟ್ರು: ಕಟ್ಟಳೆಯನ್ನು ಸ್ಪಷ್ಟವಾಗಿ ಹೇಳಬೇಕು, ಹುಟ್ಟನ್ನು ಬಿಡಬೇಕು. ಡಬ್ಲ್ಯು. ಡಬ್ಲ್ಯು. ಜೇಕಬ್ಸ್‌ನ ‘ದಿ ಮಂಕೀಸ್ ಪಾ’ (1902) ಕಥೆಯಲ್ಲಿ ಮಂಗನ ಪಂಜಕ್ಕೆ ಶಕ್ತಿ ಬಂದದ್ದು ಹೇಗೆಂಬುದಕ್ಕೆ, ಮುದುಕ ಫಕೀರನೊಬ್ಬ ವಿಧಿಯನ್ನು ಮೀರಲಾಗದೆಂದು ತೋರಿಸಲು ಮಂತ್ರಿಸಿಟ್ಟ ಎನ್ನುವಷ್ಟೇ ಸಮಾಧಾನವಿದೆ. ಆ ಫಕೀರ ಯಾವ ಊರಿನವನು, ಯಾರ ಶಿಷ್ಯ ಎಂಬ ಗೊಡವೆಯೇ ಇಲ್ಲ. ಮೂವರಿಗೆ ತಲಾ ಮೂರು ಕೋರಿಕೆಗಳೆಂಬ ಕಟ್ಟಳೆ ಮಾತ್ರ ಲೇವಾದೇವಿಯ ಪತ್ರದಷ್ಟು ನಿಖರವಾಗಿದೆ. ಮೊದಲನೆಯವನ ಮೂರನೆಯ ಕೋರಿಕೆ ಸಾವೇ ಆಗಿತ್ತೆಂಬುದೂ ಗೊತ್ತಾಗುತ್ತದೆ. ಹೀಗಾಗಿಯೇ ಕೊನೆಯಲ್ಲಿ ಬಾಗಿಲು ಬಡಿಯುವ ಸದ್ದು ಕೇಳಿ, ಸತ್ತ ಮಗ ಮರಳಿ ಬರಲೆಂದು ಕೋರಿಸಿದ ತಾಯಿ ಅಗುಳಿ ತೆಗೆಯಲು ಹೆಣಗುವಾಗ, ಹೊರಗೆ ನಿಂತಿರುವುದನ್ನು ಲೇಖಕ ತೋರಿಸದಿದ್ದರೂ ನಮಗೆ ಲೆಕ್ಕ ಸಿಗುತ್ತದೆ.

ನಮ್ಮ ‘ನಾಳೆ ಬಾ’ ಕೂಡ ಹಾಗೆಯೇ. 1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ ಆ ಎರಡು ಪದಗಳಿದ್ದವು. ಅವಳು, ಅಂದರೆ ರಾತ್ರಿ ಬಾಗಿಲು ತಟ್ಟುವ ಹೆಣ್ಣುದೆವ್ವ, ಪರಿಚಿತರ ದನಿಯಲ್ಲಿ ಕರೆಯುತ್ತಾಳೆ, ಬರಹ ಓದಿ ಹಿಂತಿರುಗುತ್ತಾಳೆ, ಮರುದಿನ ಮತ್ತೆ ಬರುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವಳು ಯಾರ ಮಗಳು ಎಂದು ತಿಳಿಯದೆಯೇ ಜನ ಬಳಪ ಹಿಡಿದು ಬಾಗಿಲಿಗೆ ಹೋದರು.

ವಕೀಲರು: ಕಟ್ಟಳೆಯೂ ಅಪಾಯಕಾರಿಯೇ. 1897ರ ‘ಡ್ರಾಕುಲಾ’ದಲ್ಲಿ ಪಂಡಿತ ವ್ಯಾನ್ ಹೆಲ್ಸಿಂಗ್, ರಕ್ತ ಹೀರುವ ಆ ಕೌಂಟನ ಶಕ್ತಿಗಳನ್ನೂ ಮಿತಿಗಳನ್ನೂ ಪಟ್ಟಿ ಮಾಡಿದ ಮೇಲೆ ಅದು ಬೇಟೆಯ ಕಥೆಯಾಗುತ್ತದೆ. ನನಗೆ ಹೆದರಿಕೆಯಾದದ್ದು ಮೊದಲ ನಾಲ್ಕು ಅಧ್ಯಾಯಗಳಲ್ಲಿ, ತರುಣ ವಕೀಲ ಜೊನಾಥನ್ ಏನೂ ಅರಿಯದೆ ಕೌಂಟನ ಕೋಟೆಯೊಳಗೆ ಸಿಕ್ಕಿಕೊಂಡಿರುವಾಗ.

ಮೇಷ್ಟ್ರು: ಒಪ್ಪಿದೆ. ಕಟ್ಟಳೆಯನ್ನು ಪಂಡಿತನೊಬ್ಬ ಪಾಠ ಮಾಡಬಾರದು, ಪಾತ್ರಗಳು ಏನಾದರೂ ಕಳೆದುಕೊಂಡೇ ಅದನ್ನು ಕಲಿಯಬೇಕು. ಕೊಡ, ಹಸು, ಮಗು ಎಂಬ ಕ್ರಮದಲ್ಲಿ ಈ ಕಥೆಯ ನೀರುಗಂಟಿ ಕಲಿಯುತ್ತಾನೆ. ಹಿರಿಯರ ಭಾಷಣ ಅದನ್ನೆಲ್ಲ ಅಳಿಸಿಹಾಕುತ್ತದೆ. ಬಲಿಯಾದ ಸೊಸೆ ಎಂದೊಡನೆ ‘ಕೆರೆಗೆ ಹಾರ’ ಲಾವಣಿ ಓದಿದ ಪ್ರತಿಯೊಬ್ಬ ಕನ್ನಡಿಗನಿಗೂ ಭಾಗೀರಥಿ ನೆನಪಾಗುತ್ತಾಳೆ, ದಂಡಿನಿಂದ ಮರಳಿ ಬಂದು ಅದೇ ಕೆರೆಗೆ ಹಾರುವ ಅವಳ ಗಂಡ ಮಾದೇವರಾಯ ನೆನಪಾಗುತ್ತಾನೆ. ಆಗ ಭಯ ಹೋಗಿ ಮರುಕ ಬರುತ್ತದೆ. ಮರುಕ ಕೀಳೆಂದು ನಾನು ಹೇಳುತ್ತಿಲ್ಲ, ಆದರೆ ಆ ಮರುಕ ಲಾವಣಿಯದು, ಈ ಕಥೆ ಅದನ್ನು ಕಡ ತಂದಿದೆ. ಇನ್ನೊಂದು ತೊಡಕೆಂದರೆ, ಕಾರಣ ತಿಳಿದೊಡನೆ ಪರಿಹಾರವೂ ತಿಳಿಯುತ್ತದೆ. ಅನ್ಯಾಯವಾಗಿದೆ ಎಂದಾದರೆ ಒಂದು ಶಾಂತಿ ಮಾಡಿಸಿ ಊರವರು ಮನೆಗೆ ಹೋಗಬಹುದು.

ಡಾಕ್ಟರ್: ಹೆಂಗಸನ್ನು ಮುಳುಗಿಸಿದ ಊರು ಆ ವಿಷಯವನ್ನೇ ಎತ್ತದಿರುವುದು ಭಯವೋ, ಊರಿಗೆ ಸಿಕ್ಕ ಅನುಕೂಲವೋ? ಎಲ್ಲವನ್ನೂ ಅಳಿಸಿದರೆ ನೀವೂ ಆ ಊರವರ ಜೊತೆ ಸೇರುತ್ತೀರಿ, ಮೇಷ್ಟ್ರೇ.

ಮೇಷ್ಟ್ರು: ಈ ಮಾತಿಗೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ.

ಕಥೆಗಾರ: ಮೂರು ಪುಟಗಳನ್ನು ತೆಗೆಯುತ್ತೇನೆ, ಒಂದು ವಾಕ್ಯವನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಗೌಡರ ಮನೆಯವರು ತಲೆತಲಾಂತರದಿಂದ ಈ ಕೆರೆಯ ನೀರು ಕುಡಿಯುವುದಿಲ್ಲ ಎಂದು ಹಿರಿಯರು ಹೇಳಲಿ. ಅದಕ್ಕೆ ಕಾರಣವನ್ನು ಯಾರೂ ಕೇಳದಿರಲಿ.

ಡಾಕ್ಟರ್: ಆ ಒಂದು ವಾಕ್ಯ ಸಾಕು, ಆದರೆ ಹಿರಿಯರ ಬಾಯಲ್ಲಿ ಬೇಡ. ನೀರುಗಂಟಿಯ ಹೆಂಡತಿ ಹೇಳಲಿ. ಗೌಡರ ಮನೆಗೆ ದೂರದ ಬಾವಿಯಿಂದ ದಿನಾ ನೀರು ಹೊರುವವಳು ಅವಳೇ ಎಂದು ಮೂರನೆಯ ಪುಟದಲ್ಲಿ ನೀವೇ ಬರೆದಿದ್ದೀರಿ.

ಕಥೆಗಾರ: ಬರೆದದ್ದು ಮರೆತೇಹೋಗಿತ್ತು. ಭಾನುವಾರದೊಳಗೆ ಹೊಸ ಪಿಡಿಎಫ್ ಹಾಕುತ್ತೇನೆ.