ಪ್ರಶ್ನೋತ್ತರ: 33,33,33,331 ಅವಿಭಾಜ್ಯ ಸಂಖ್ಯೆಯೇ?

ಪ್ರೌಢಶಾಲಾ ಶಿಕ್ಷಕಿ: ಸರ್, 31, 331, 3331, 33331, 333331, 3333331, 33333331 ಇವೆಲ್ಲ ಅವಿಭಾಜ್ಯಗಳಾಗಿರುವುದರಿಂದ ಮುಂದೆ ಎಷ್ಟು ಮೂರುಗಳನ್ನು ಸೇರಿಸಿದರೂ ಅವಿಭಾಜ್ಯವೇ ಸಿಗುತ್ತದೆ ಎಂಬ ಸಂದೇಶ ಹರಿದಾಡುತ್ತಿದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಅದನ್ನು ನಿಯಮವೆಂದೇ ಬರೆದುಕೊಂಡಿದ್ದಾಳೆ. ಅವಳಿಗೆ ಏನು ಹೇಳಲಿ?

ಪ್ರಾಧ್ಯಾಪಕ: ಮೇಡಂ, ಆ ಏಳೂ ಅವಿಭಾಜ್ಯಗಳು ನಿಜ, ನಿಯಮ ಸುಳ್ಳು. ಎಂಟನೆಯದಾದ 33,33,33,331 ಅನ್ನು ಅವಳ ಕೈಯಿಂದಲೇ 17ರಿಂದ ಭಾಗಿಸಿಸಿ. ಶೇಷಗಳು ಕ್ರಮವಾಗಿ 16, 10, 1, 13, 14, 7, 5 ಎಂದು ಬರುತ್ತವೆ. ಆ 5ರ ಪಕ್ಕಕ್ಕೆ ಕೊನೆಯ 1 ಇಳಿದಾಗ 51 ಆಗಿ, ಹದಿನೇಳು ಮೂರ್ಲ ಐವತ್ತೊಂದು ಎಂದು ಲೆಕ್ಕ ಮುಗಿಯುತ್ತದೆ. ಭಾಗಲಬ್ಧ 1,96,07,843.

ನನ್ನನ್ನು ಹೆಚ್ಚು ಕಾಡುವುದು ಇದರ ಹಿಂದಿನ ಕಾರಣ. 31ರಿಂದ ಭಾಗಿಸುವಾಗ ಮೊದಲ ಮೂರರ ಶೇಷ 3. ಶೇಷಗಳಾಗಿ ಬರಬಹುದಾದ ಸಂಖ್ಯೆಗಳು 0ಯಿಂದ 30ರವರೆಗೆ ಮಾತ್ರ ಇರುವುದರಿಂದ, ಮೂರುಗಳನ್ನು ಇಳಿಸುತ್ತಾ ಹೋದಂತೆ ಅವು ಮರುಕಳಿಸಲೇಬೇಕು. ಹದಿನಾರನೆಯ ಮೂರಿಗೆ ಮತ್ತೆ 3 ಉಳಿಯುತ್ತದೆ, ಅದರ ಪಕ್ಕಕ್ಕೆ 1 ಇಳಿದರೆ 31. ಹಾಗಾಗಿ ಹದಿನಾರು ಮೂರುಗಳು ಮತ್ತು ಒಂದು 1 ಇರುವ ಸಂಖ್ಯೆ 31ರಿಂದಲೇ ಭಾಗವಾಗುತ್ತದೆ. 17 ಅಡ್ಡ ಬರದಿದ್ದರೂ ಸರಣಿಯ ಮೊದಲ ಸಂಖ್ಯೆಯೇ ಆ ನಿಯಮವನ್ನು ಮುರಿಯುತ್ತಿತ್ತು. ಇದನ್ನು ಅವಳಿಗೆ ದಯವಿಟ್ಟು ತೋರಿಸಿ.

ಒಬ್ಬ ಪೋಷಕರು: 6ರ ಗುಣಕಕ್ಕೆ 1 ಕೂಡಿಸಿದರೆ ಅಥವಾ ಕಳೆದರೆ ಅವಿಭಾಜ್ಯ ಬರುತ್ತದೆ ಎಂಬ ಸಂದೇಶವೂ ಬಂದಿದೆ, ಸರ್.

ಪ್ರಾಧ್ಯಾಪಕ: 25. ಪರೀಕ್ಷಿಸದೆ ಇಂಥವನ್ನು ಮುಂದೆ ಕಳುಹಿಸಬೇಡಿ.

ನಿವೃತ್ತ ಬ್ಯಾಂಕ್ ನೌಕರ: ಏಳು ಉದಾಹರಣೆಗಳು ಸತತವಾಗಿ ಸರಿಯಾದ ಮೇಲೆ ನಂಬುವುದು ತಪ್ಪೇ?

ಎಂಜಿನಿಯರ್: ತಪ್ಪು. ನೀವು ಲೆಕ್ಕಪತ್ರದ ಏಳು ಪುಟ ನೋಡಿ ಎಂಟನೆಯದಕ್ಕೆ ಸಹಿ ಹಾಕುತ್ತಿದ್ದಿರಾ?

ನಿವೃತ್ತ ಬ್ಯಾಂಕ್ ನೌಕರ: ನಾನು ಪ್ರಾಧ್ಯಾಪಕರನ್ನು ಕೇಳಿದ್ದೇನೆ, ನಿಮ್ಮನ್ನಲ್ಲ.

ಎಂಜಿನಿಯರ್: ಇದು ಎಲ್ಲರ ಗುಂಪು. ಉತ್ತರವಿಲ್ಲದಾಗ ಹಿರಿತನವನ್ನು ಮುಂದೆ ಮಾಡಬೇಡಿ.

ಪ್ರಾಧ್ಯಾಪಕ: ಇಬ್ಬರೂ ನಿಲ್ಲಿಸಿ. ಇದೇ ತಪ್ಪು ಫ್ರೆಂಚ್ ಗಣಿತಜ್ಞ ಫರ್ಮಾನಿಂದಲೂ ಆಗಿದೆ. ಎರಡರ ಘಾತವಾಗಿ 1, 2, 4, 8, 16 ತೆಗೆದುಕೊಂಡು ಒಂದನ್ನು ಕೂಡಿಸಿದರೆ ಬರುವ 3, 5, 17, 257, 65,537 ಅವಿಭಾಜ್ಯಗಳೆಂದು ಕಂಡು, ಮುಂದಿನವೂ ಹಾಗೆಯೇ ಎಂದು ಆತ ಭಾವಿಸಿದ. ಘಾತ 32 ಆದಾಗ ಬರುವ 4,29,49,67,297 ಎಂಬುದು 641 ಮತ್ತು 67,00,417ರ ಗುಣಲಬ್ಧವೆಂದು 1732ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದ.

ಇನ್ನೊಬ್ಬ ಸದಸ್ಯ: ನನ್ನ ಹೊಸ ಗಾಡಿಯ ಸಂಖ್ಯೆ 3331. ಅವಿಭಾಜ್ಯವಾದರೆ ಶುಭವೇ?

ಮತ್ತೊಬ್ಬ ಪೋಷಕರು: ಸರ್, 33,33,33,331 ಅವಿಭಾಜ್ಯವೋ ಅಲ್ಲವೋ? ಒಂದೇ ಮಾತಿನಲ್ಲಿ ತಿಳಿಸಿ.

ಪ್ರಾಧ್ಯಾಪಕ: ಅಲ್ಲ. ಮೇಲೆ ಬರೆದಿದ್ದೇನೆ, ಓದಿ.

ನಿವೃತ್ತ ಬ್ಯಾಂಕ್ ನೌಕರ: ಕಾಗದದ ಮೇಲೆ ಭಾಗಿಸಿ ನೋಡಿದೆ, ಶೇಷ ಉಳಿಯಲಿಲ್ಲ. ಆದರೆ ಎಂಜಿನಿಯರ್ ಅವರ ಧಾಟಿಯನ್ನು ನಾನು ಒಪ್ಪುವುದಿಲ್ಲ.

ಶಿಕ್ಷಕಿ: ಹುಡುಗಿ ಭಾಗಾಕಾರ ಮಾಡಿದಳು, ಸರ್. ಹಾಗಾದರೆ 331 ಎಷ್ಟನೆಯ ಮೂರಿಗೆ ಮರಳಿ ಬರುತ್ತದೆ ಎಂದು ಕೇಳುತ್ತಿದ್ದಾಳೆ.